ಗುಂಡಿ ಒತ್ತೋಕೆ ನಾಲ್ಕು ವರ್ಷ ಯಾಕೆ?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರಲ್ಲ. ನೆಂಟರು, ಅಕ್ಕಪಕ್ಕದವರು, ಅವರ ಪರಿಚಯದವರು. “ಮಗಳಿಗೆ ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಸೀಟು ಸಿಗುತ್ತಂತಪ್ಪ. ಎದೆ ಮೇಲೆ ಇಟ್ಟರೆ ಎಕೋ ಮಿಷನ್ನೇ ಎಲ್ಲಾ ತೋರಿಸುತ್ತಲ್ಲ, ಅದಕ್ಕೆ ಮೂರು ವರ್ಷ ಓದಿ ಮೇಲೊಂದು ವರ್ಷ ಇಂಟರ್ನ್‌ಶಿಪ್ ಮಾಡೋದೇನಿದೆ?”

ನಾನು ಒಬ್ಬ ಅಜ್ಜನ ಕಥೆ ಹೇಳ್ತೀನಿ. ನಾನಾಗ ಇದೇ ಕೋರ್ಸಿನ ಇಂಟರ್ನ್. ಅಜ್ಜನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು, ಒಮ್ಮೆ ಬಚ್ಚಲುಮನೆ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಿದ್ದರು. ಎಕೋ, ಅಂದರೆ ಅಲ್ಟ್ರಾಸೌಂಡಿನಿಂದ ಹೃದಯ ನೋಡುವ ಪರೀಕ್ಷೆ, ಮಾಡಬೇಕಿತ್ತು. ಎಡಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಶಬ್ದದ ಅಲೆ ಕಳಿಸಿ ಹಿಡಿಯುವ ಪ್ರೋಬ್ ಇಟ್ಟೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಅಯೋರ್ಟಿಕ್ ಕವಾಟ, ಸುಣ್ಣಗಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ರಕ್ತದ ವೇಗ ಅಳೆಯೋ ಡಾಪ್ಲರ್ ಹಾಕಿದೆ; ಕವಾಟ ಬಿಗಿದಷ್ಟೂ ವೇಗ ಜಾಸ್ತಿ. ಸೆಕೆಂಡಿಗೆ 2.6 ಮೀಟರ್ ಬಂತು. ಅಷ್ಟೇನೂ ಬಿಗಿದಿಲ್ಲ ಅಂತ ಬರೆದುಕೊಂಡೆ.

ಸೀನಿಯರ್ ಮೇಡಂ ಬಂದು ಪರದೆ ನೋಡಿದರು, ಅಜ್ಜನ ಮುಖ ನೋಡಿದರು. “ಅಜ್ಜಾ, ಬಲಕ್ಕೆ ತಿರುಗಿ. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡ್ಕೊಳ್ಳಿ.” ಪೆನ್ನಿನಂಥ ಸಣ್ಣ ಪ್ರೋಬ್ ತಗೊಂಡು ಎದೆಮೂಳೆಯ ಬಲಗಡೆ, ಪಕ್ಕೆಲುಬಿನ ಸಂದಿಯಲ್ಲಿ ಇಟ್ಟು ಒಂಚೂರು ವಾಲಿಸಿದರು. 4.4!

ಅದೇ ಅಜ್ಜ, ಅದೇ ಮಿಷನ್ನು. ರೈಲು ನೇರ ನಮ್ಮತ್ತ ಬರುವಾಗ ಅದರ ಸಿಳ್ಳೆಯ ಸ್ವರ ಏರಿದಂತೆ ಕೇಳುತ್ತದಲ್ಲ, ಡಾಪ್ಲರ್ ಅಂದರೆ ಅದೇ ಲೆಕ್ಕ. ರಕ್ತ ಪ್ರೋಬಿಗೆ ಓರೆಯಾಗಿ ಹರಿದರೆ ವೇಗ ಕಮ್ಮಿ ಕಾಣುತ್ತೆ. 60 ಡಿಗ್ರಿ ಓರೆಯಾದರೆ ಸರಿಯಾಗಿ ಅರ್ಧ. ತಪ್ಪು ಅಲ್ಲಿಗೇ ನಿಲ್ಲಲ್ಲ. ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ ತಿಳಿಯೋಕೆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸ್ತೀವಿ. ಬಿಪಿ ಅಳೆಯೋ ಅದೇ ಮಾನದಲ್ಲಿ, ಅಂದರೆ ಪಾದರಸದ ಮಿಲಿಮೀಟರಿನಲ್ಲಿ, ನನ್ನ ಲೆಕ್ಕದಲ್ಲಿ 27, ಮೇಡಂ ಲೆಕ್ಕದಲ್ಲಿ 77. ಮೊದಲನೆಯದನ್ನು ನಂಬಿದ್ದರೆ ಅಜ್ಜನನ್ನು ಆಮೇಲೆ ಬನ್ನಿ ಅಂತ ಮನೆಗೆ ಕಳಿಸುತ್ತಿದ್ದರು. ಎರಡನೆಯದರಿಂದ ಕವಾಟ ಬದಲಿಸುವ ಮಾತು ಶುರುವಾಯಿತು. ಈ ಓರೆಯ ಲೆಕ್ಕ ಹೇಳೋ ಕಾಸ್ ಥೀಟಾಕ್ಕೆ ಪಿಯುಸಿಯಲ್ಲಿ ಹಿಡಿಶಾಪ ಹಾಕಿದವನು ನಾನು, ಅವತ್ತು ಅದರ ಮುಖ ನೋಡೋಕೆ ನಾಚಿಕೆಯಾಯಿತು.

ಈ ಎಕೋ ವಿದ್ಯೆ ಹುಟ್ಟಿಸಿದವರೇ ಎಡವಿದ್ದಾರೆ, ಅದೊಂದು ಸಮಾಧಾನ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವಂಥ ಅಲ್ಟ್ರಾಸೌಂಡ್ ಉಪಕರಣವನ್ನು ಎರವಲು ತಂದು ಎದೆಗೆ ಹಿಡಿದರು. ಕುಣಿಯುವ ಗೆರೆಯೊಂದು ಕಂಡಿತು. ಎಡ ಹೃತ್ಕರ್ಣದ, ಅಂದರೆ ಹೃದಯದ ಎಡ ಮೇಲ್ಕೋಣೆಯ, ಗೋಡೆ ಇರಬೇಕು ಅಂದುಕೊಂಡರು ಎಡ್ಲರ್. ಅದು ಆ ಕೋಣೆಯ ಕೆಳಗಿನ ಬಾಗಿಲು, ಮೈಟ್ರಲ್ ಕವಾಟದ ಎಸಳು ಅಂತ ಗೊತ್ತಾಗಿದ್ದು ಆಮೇಲೆ, ಮರಣೋತ್ತರ ಪರೀಕ್ಷೆಗಳಲ್ಲಿ ಅಲ್ಟ್ರಾಸೌಂಡ್ ಹೋಗುವ ದಾರಿಯಲ್ಲೇ ಎದೆಗೆ ಸೂಜಿ ಚುಚ್ಚಿ ನೋಡಿದಾಗ.

“ಹಂಗಾದ್ರೆ ಎಕೋದಲ್ಲಿ ಬ್ಲಾಕ್ ಕಾಣುತ್ತಾ?” ಅಂತ ಇದರ ಹಿಂದೆಯೇ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತೆ. ಕಾಣಲ್ಲ. ರಕ್ತ ಸಾಲದೆ ಮಂಕಾಗಿ ಬಡಿಯುವ ಗೋಡೆ ಕಾಣುತ್ತೆ, ಬ್ಲಾಕ್ ಇರಬಹುದು ಅಂತ ಅದರಿಂದ ಊಹಿಸ್ತೀವಿ. ಬ್ಲಾಕೇ ಕಾಣಬೇಕಾದರೆ ಆಂಜಿಯೋಗ್ರಾಂ ಅಥವಾ ಸಿಟಿ. ಸಿಟಿಗೆ ನಾಡಿ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಬೇಕು, ಇಲ್ಲದಿದ್ದರೆ ಚಿತ್ರ ಕಲಸಿಹೋಗುತ್ತೆ. ಸ್ನಾಯು ಸತ್ತು ಕಲೆಯಾದ ಜಾಗ ನೋಡೋಕೆ ಎಂಆರ್‌ಐ. ಒಂದೊಂದೂ ಬೇರೆಯದೇ ಓದು.

ಈಗಿನ ಮಿಷನ್ನುಗಳು ಹೃದಯ ಎಷ್ಟು ಶೇಕಡಾ ರಕ್ತ ತಳ್ಳುತ್ತೆ ಅಂತ ತಾವೇ ಲೆಕ್ಕ ಹಾಕಿಬಿಡುತ್ತವೆ. ಒಳ್ಳೆಯದೇ. ಆದರೆ ಪ್ರೋಬ್ ಓರೆಯಿಟ್ಟು ಹೃದಯದ ತುದಿ ಕತ್ತರಿಸಿಹೋದ ಚಿತ್ರ ಕೊಟ್ಟರೂ ಒಂದು ಸಂಖ್ಯೆ ಹೇಳುತ್ತವೆ, ಅಷ್ಟೇ ಗತ್ತಿನಿಂದ.

ಇಷ್ಟು ಕೇಳಿದ ಮೇಲೆ ಅಪ್ಪ ಅಮ್ಮ ಸಂಬಳ ಕೇಳ್ತಾರೆ. ಶುರುವಿನಲ್ಲಿ ಕಮ್ಮಿ ಅಂತ ನಿಜವನ್ನೇ ಹೇಳ್ತೀನಿ. ದಿನಾ ಪ್ರೋಬ್ ಒತ್ತಿ ಹಿಡಿದು ಬಲಭುಜ ಹಿಡ್ಕೊಳ್ಳುತ್ತೆ, ಅದನ್ನೂ ಹೇಳ್ತೀನಿ. ಆಮೇಲೆ ಫೋನು ಮಗಳ ಕೈಗೆ ಕೊಡಿ ಅಂತೀನಿ. ಅವಳು ಇನ್ನೂ ಏನೂ ಕೇಳೇ ಇರಲ್ಲ.