ಅರಮನೆಯ ಒಲೆ

ಮಲೆನಾಡಿನ ಕವಲೇದುರ್ಗ ಕೋಟೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಅರಮನೆಯ ತಳಪಾಯ. ಮಣ್ಣು ಅಗೆದಾಗ ಹೊರಬಂದದ್ದು. ಅಡುಗೆಮನೆಯ ಕಲ್ಲಿನ ಒಲೆ, ಬಚ್ಚಲು, ನೀರಿನ ವ್ಯವಸ್ಥೆ ಎಲ್ಲ ಕಾಣುತ್ತವೆ. ಹೆಚ್ಚಿನವರು ಸುಮ್ನೆ ದಾಟಿ ಹೋಗುತ್ತಾರೆ.

ಈ ಕೋಟೆಯನ್ನು ಆಳಿದ ಕೆಳದಿ ಅರಸರ ಬಗ್ಗೆ ಬರಹದಲ್ಲಿ ಬೇಕಾದಷ್ಟಿದೆ. 1499ರಿಂದ 1763ರವರೆಗೆ ಯಾರು ಆಳಿದರು, ಶಿವಪ್ಪ ನಾಯಕನ ‘ಶಿಸ್ತು’ ಎಂಬ ಭೂಕಂದಾಯ ಪದ್ಧತಿಯಲ್ಲಿ ಕಂದಾಯ ಹೇಗೆ ಕಟ್ಟಿದರು, ಎಲ್ಲ ಗೊತ್ತು. ಆದರೆ ಆ ಒಲೆಗೆ ಸೌದೆ ಹೊತ್ತವರು ಯಾರು? ಆಷಾಢದ ಮಳೆಯಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾದವರು? ಶಿವಮೊಗ್ಗದ ಅರಮನೆ ಮ್ಯೂಸಿಯಂನಲ್ಲಿ ವೀರಗಲ್ಲುಗಳಿವೆ. ಕಾದಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಪಾತ್ರೆ ತಿಕ್ಕಿದವಳಿಗೆ ಯಾರು ನಿಲ್ಲಿಸುತ್ತಾರೆ, ಅಲ್ವಾ?

ಅದಕ್ಕೇ ದಾಖಲೆ ಇರುವ ಕಾಲದ ಜಾಗವನ್ನೂ ಅಗೆಯಬೇಕು. ಸುಟ್ಟ ಕಾಳು, ಪ್ರಾಣಿಯ ಮೂಳೆ, ಸವೆದ ಬೀಸುಕಲ್ಲು, ಇವುಗಳಿಂದ ಯಾರು ಏನು ಉಂಡರು, ಏನು ಕೆಲಸ ಮಾಡಿದರು ಅಂತ ಊಹಿಸಬಹುದು. ಮಡಕೆಯೊಳಗೆ ಹೀರಿಕೊಂಡ ಜಿಡ್ಡನ್ನೂ ಈಗ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಮಲೆನಾಡಿನದು ಹುಳಿ ಮಣ್ಣು, ಜೊತೆಗೆ ಈ ಮಳೆ. ಮೂಳೆ ಬೇಗ ಕರಗಿಹೋಗುತ್ತದೆ. ಹಾಗಾಗಿ ಇಲ್ಲಿ ಮಡಕೆ ಚೂರನ್ನೇ ಜಾಸ್ತಿ ನಂಬಬೇಕು.