ಕಕ್ಕಬ್ಬೆಯಲ್ಲಿ ಒಂದು ಇಂಗ್ಲಿಷ್ ಪಾಠ

‘ವಿ ಹ್ಯಾವ್ ಸ್ಟಾಪ್ಡ್ ಟು ಸರ್ವ್ ಲಂಚ್’ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ, ‘ಹಾಗಾದರೆ ಊಟ ಎಷ್ಟು ಗಂಟೆಯವರೆಗೆ ಸಿಗುತ್ತದೆ?’ ಎಂದು ಅತಿಥಿಯೊಬ್ಬರು ಮರುಪ್ರಶ್ನೆ ಕಳುಹಿಸಿದ್ದರು. ಮಳೆಗಾಲದಲ್ಲಿ ಮಧ್ಯಾಹ್ನದ ಊಟ ಬಡಿಸುವುದನ್ನು ನಿಲ್ಲಿಸಿದ್ದೇವೆ ಎಂದು ತಿಳಿಸಹೊರಟವಳಿಗೆ ಬಂದ ಈ ಉತ್ತರ ಅರ್ಥವಾಗದೆ, ರಿಸೆಪ್ಷನ್ ನೋಡಿಕೊಳ್ಳುವ ಹುಡುಗಿ ಫೋನನ್ನು ನನ್ನ ಮುಂದೆ ಹಿಡಿದಳು.

ಕಕ್ಕಬ್ಬೆಯ ಹತ್ತಿರ ನನ್ನ ಚಿಕ್ಕಮ್ಮ ನಡೆಸುತ್ತಿರುವ ಹೋಂಸ್ಟೇ ಅದು. ಕೊಡಗಿನ ಅತಿ ಎತ್ತರದ ಶಿಖರವಾದ, 1748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಲು ಬರುವವರೇ ಅಲ್ಲಿ ಹೆಚ್ಚು. ನಾಲ್ಕುನಾಡು ಅರಮನೆ ನೋಡಲು ಬಂದು ತಂಗುವವರೂ ಇದ್ದಾರೆ. ಹೊರರಾಜ್ಯದವರೊಡನೆ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಜೂನ್ ತಿಂಗಳ ಆ ಭಾನುವಾರ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ, ಕೋಣೆಗಳೂ ಖಾಲಿಯಿದ್ದವು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಆ ಹುಡುಗಿಯ ಪಕ್ಕದಲ್ಲಿ ಕುಳಿತು, ಅವಳು ಕಳುಹಿಸಿದ್ದ ಸಂದೇಶಗಳನ್ನು ಒಂದೊಂದಾಗಿ ಓದಿದೆ.

‘ಸ್ಟಾಪ್’ ಎಂಬ ಕ್ರಿಯಾಪದದ ಮುಂದೆ ‘ಸರ್ವಿಂಗ್’ ಬಂದರೆ ಬಡಿಸುವ ಕೆಲಸವೇ ನಿಂತಿತು ಎಂದಾಗುತ್ತದೆ. ‘ಟು ಸರ್ವ್’ ಬಂದರೆ, ಬಡಿಸುವುದಕ್ಕೋಸ್ಕರ ಬೇರೆ ಕೆಲಸವನ್ನು ನಿಲ್ಲಿಸಿದೆವು ಎಂದಾಗುತ್ತದೆ. ಕಾಫಿ ಕುಡಿಯುವುದನ್ನು ಬಿಟ್ಟವರು ‘ಸ್ಟಾಪ್ಡ್ ಡ್ರಿಂಕಿಂಗ್ ಕಾಫಿ’, ಮಡಿಕೇರಿಯ ದಾರಿಯಲ್ಲಿ ಕಾಫಿ ಕುಡಿಯಲೆಂದು ಕಾರು ನಿಲ್ಲಿಸಿದವರು ‘ಸ್ಟಾಪ್ಡ್ ಟು ಡ್ರಿಂಕ್ ಕಾಫಿ’ ಎಂದು ವಿವರಿಸಿದಾಗ ಅವಳು ತಕ್ಷಣ ಹಿಡಿದುಕೊಂಡಳು. ‘ರಿಮೆಂಬರ್’ ಕೂಡ ಹೀಗೆಯೇ. ‘ಟು ಲಾಕ್’ ಎಂದರೆ ಬೀಗ ಹಾಕುವುದನ್ನು ಮರೆಯದಿರುವುದು, ‘ಲಾಕಿಂಗ್’ ಎಂದರೆ ಬೀಗ ಹಾಕಿದ್ದು ನೆನಪಿರುವುದು. ಆದರೆ ಈ ವ್ಯತ್ಯಾಸವನ್ನು ಎಲ್ಲ ಕ್ರಿಯಾಪದಗಳಿಗೂ ಅಂಟಿಸುವಂತಿಲ್ಲ. ‘ಎಂಜಾಯ್’ ಯಾವಾಗಲೂ ‘ಇಂಗ್’ ರೂಪವನ್ನೇ ಬಯಸುತ್ತದೆ, ‘ಡಿಸೈಡ್’ ‘ಟು’ವನ್ನು ಬಯಸುತ್ತದೆ, ‘ಸ್ಟಾರ್ಟ್’ ಎರಡನ್ನೂ ಹೆಚ್ಚು ಅರ್ಥಭೇದವಿಲ್ಲದೆ ಒಪ್ಪುತ್ತದೆ.

ಅಷ್ಟರಲ್ಲಿ ಅವಳು ಇನ್ನೊಂದು ಸಂದೇಶ ತೆರೆದಳು. ಅದರಲ್ಲಿ ‘ಐ ವಿಲ್ ಸೆಂಡ್ ಯು ದ ಲೊಕೇಶನ್. ಐ ವಿಲ್ ಎಕ್ಸ್‌ಪ್ಲೇನ್ ಯು ದ ರೂಟ್’ ಎಂದಿತ್ತು. ಎರಡನೆಯ ವಾಕ್ಯದಲ್ಲಿ ‘ಟು ಯು’ ಎಂದಿರಬೇಕು, ಅದೂ ‘ರೂಟ್’ ಆದ ಮೇಲೆ ಬರಬೇಕು ಎಂದು ತೋರಿಸಿದೆ.

“ಮಿಸ್, ಸೆಂಡ್ ಯು ಸರಿ, ಎಕ್ಸ್‌ಪ್ಲೇನ್ ಯು ತಪ್ಪು ಅಂದ್ರೆ ಹೇಗೆ? ಎರಡೂ ‘ನಿಮಗೆ’ ತಾನೇ?”

ನಾನು ಬಹುವಾಗಿ ಮೆಚ್ಚಿದ ಪ್ರಶ್ನೆ ಇದು. ಕನ್ನಡದಲ್ಲಿ ನಿಮಗೆ ಕೊಡುತ್ತೇನೆ, ನಿಮಗೆ ಕಳುಹಿಸುತ್ತೇನೆ, ನಿಮಗೆ ವಿವರಿಸುತ್ತೇನೆ, ನಿಮಗೆ ಸೂಚಿಸುತ್ತೇನೆ ಎಂದು ಒಂದೇ ‘ಗೆ’ ಪ್ರತ್ಯಯ ಎಲ್ಲ ಕಡೆಯೂ ಸಲ್ಲುತ್ತದೆ, ಮತ್ತು ಕ್ರಿಯಾಪದ ಕೊನೆಯಲ್ಲಿ ಬರುವ ಹೊತ್ತಿಗೆ ಯಾರು, ಯಾರಿಗೆ, ಏನನ್ನು ಎಂಬುದೆಲ್ಲ ವಿಭಕ್ತಿಗಳ ಮೂಲಕ ಆಗಲೇ ತಿಳಿದಿರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುವುದರಿಂದ, ಅದರ ಮುಂದೆ ಏನು ಯಾವ ಕ್ರಮದಲ್ಲಿ ಬರಬೇಕೆಂಬುದನ್ನು ಬಹುಮಟ್ಟಿಗೆ ಆ ಕ್ರಿಯಾಪದವೇ ನಿರ್ಧರಿಸುತ್ತದೆ. ಗಿವ್, ಸೆಂಡ್, ಶೋ, ಟೆಲ್, ಲೆಂಡ್ ಮುಂತಾದ ಹಳೆಯ ಚಿಕ್ಕ ಪದಗಳು ವ್ಯಕ್ತಿಯನ್ನೂ ವಸ್ತುವನ್ನೂ ಅಕ್ಕಪಕ್ಕದಲ್ಲಿ ನೇರವಾಗಿ ಸೇರಿಸಿಕೊಳ್ಳುತ್ತವೆ. ಲ್ಯಾಟಿನ್ ಮೂಲದಿಂದ ಬಂದ ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್‌ನಂಥವು ವ್ಯಕ್ತಿಗೆ ‘ಟು’ ಹಾಕಿಸುತ್ತವೆ. ಇದನ್ನೂ ಕಟ್ಟುನಿಟ್ಟಿನ ನಿಯಮವೆನ್ನಲಾಗದು, ಏಕೆಂದರೆ ಲ್ಯಾಟಿನ್ ಮೂಲದ್ದೇ ಆದ ‘ಪ್ರಾಮಿಸ್’ ‘ಗಿವ್’ನ ಹಾದಿಯಲ್ಲಿಯೇ ನಡೆಯುತ್ತದೆ. ಆದರೂ ಮಕ್ಕಳ ಮುಂದೆ ‘ಇಂಗ್ಲಿಷೇ ಹಾಗೆ, ಬಾಯಿಪಾಠ ಮಾಡು’ ಎಂದು ಕೈತೊಳೆದುಕೊಳ್ಳುವುದಕ್ಕಿಂತ ಈ ಇತಿಹಾಸವನ್ನು ಹೇಳುವುದು ನ್ಯಾಯವೆಂದು ನಾನು ನಂಬಿದ್ದೇನೆ.

ಈ ಕಷ್ಟವನ್ನು ಕಲಿಯುವವರ ಕಡೆಯಿಂದ ನೋಡಿದವರಲ್ಲಿ ಎ. ಎಸ್. ಹಾರ್ನ್‌ಬಿ ಪ್ರಮುಖರು. 1924ರಲ್ಲಿ ಇಂಗ್ಲಿಷ್ ಕಲಿಸಲು ಜಪಾನಿಗೆ ಹೋದ ಅವರಿಗೆ ಸಿಕ್ಕ ವಿದ್ಯಾರ್ಥಿಗಳ ಭಾಷೆಯಲ್ಲಿಯೂ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಅವರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ, 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ನಿಘಂಟು ಕ್ರಿಯಾಪದದ ಅರ್ಥದ ಜೊತೆಗೆ ಅದು ಕೂರುವ ವಾಕ್ಯದ ಮಾದರಿಯನ್ನೂ ಸೂಚಿಸಿತು. 1954ರ ಕೈಪಿಡಿಯಲ್ಲಿ ಅವರು ಅಂಥ ಮಾದರಿಗಳನ್ನು 25 ಎಂದು ವಿಂಗಡಿಸಿದರು. ಆ 25ನ್ನೂ ಸಂಖ್ಯೆಯ ಸಮೇತ ಯಾರೂ ನೆನಪಿಡಬೇಕಾಗಿಲ್ಲ. ಹೊಸ ಕ್ರಿಯಾಪದವೊಂದು ಎದುರಾದಾಗ ಅರ್ಥವನ್ನಷ್ಟೇ ಬರೆದುಕೊಳ್ಳದೆ, ಅದರ ಮುಂದೆ ಬಂದ ಎರಡು ಮೂರು ಪದಗಳನ್ನೂ ಸೇರಿಸಿ ಬರೆದುಕೊಳ್ಳುವ ಅಭ್ಯಾಸ ಸಾಕು. ನಮ್ಮ ತರಗತಿಗಳಲ್ಲಿ ಕಾಲಗಳ ಕೋಷ್ಟಕಕ್ಕೆ ಕೊಡುವ ಸಮಯದ ಒಂದು ಪಾಲನ್ನಾದರೂ ಇದಕ್ಕೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅವಳ ನೋಟುಪುಸ್ತಕದಲ್ಲಿ ನಾವು ಹಾಗೆಯೇ ಮಾಡಿದೆವು. ‘ಅಲೌ’ ಎಂದು ಒಂಟಿಯಾಗಿ ಬರೆಯದೆ ‘ಅಲೌ ಗೆಸ್ಟ್ಸ್ ಟು ಸ್ಮೋಕ್’, ಅದರ ಕೆಳಗೆ ‘ಟು’ ಇಲ್ಲದ ‘ಲೆಟ್ ಗೆಸ್ಟ್ಸ್ ಸ್ಮೋಕ್’. ‘ಬಗ್ಗೆ ಚರ್ಚಿಸು’ ಎಂಬ ನಮ್ಮ ರೂಢಿಯಿಂದ ನುಸುಳುವ ‘ಡಿಸ್ಕಸ್ ಅಬೌಟ್’ ಬದಲಿಗೆ ‘ಡಿಸ್ಕಸ್ ದ ಪ್ರೈಸ್’. ‘ವಾಂಟ್’ ಮತ್ತು ‘ಹೋಪ್’ ಬಂದಾಗ ಅವಳು ಕೊಂಚ ತಡವರಿಸಿದಳು. ನೀವು ಬರಬೇಕೆಂದು ಬಯಸುತ್ತೇವೆ, ನೀವು ಬರುವಿರೆಂದು ಆಶಿಸುತ್ತೇವೆ ಎನ್ನುವಾಗ ಕನ್ನಡದಲ್ಲಿ ‘ಎಂದು’ ಎರಡು ಕಡೆಯೂ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ‘ವಾಂಟ್ ಯು ಟು ಕಮ್’ ಸರಿ, ‘ಹೋಪ್ ಯು ಟು ಕಮ್’ ಸಲ್ಲದು, ‘ಹೋಪ್ ಯು ವಿಲ್ ಕಮ್’ ಎನ್ನಬೇಕು.

ಸಂಜೆ, ಮರುವಾರ ಬೆಟ್ಟ ಹತ್ತಲಿದ್ದವರಿಗೆ ಜಿಗಣೆಯ ಕುರಿತು ಎಚ್ಚರಿಕೆ ಕಳುಹಿಸಬೇಕಾಗಿತ್ತು. ‘ವಿ ಸಜೆಸ್ಟ್ ಯು ಟು’ ಎಂದು ಆರಂಭಿಸಿದವಳು ಅಲ್ಲಿಗೇ ನಿಂತು, ಫೋನಿನಲ್ಲಿದ್ದ ನಿಘಂಟು ತೆರೆದು, ‘ಸಜೆಸ್ಟ್’ನ ಅರ್ಥವನ್ನು ದಾಟಿ ಕೆಳಗಿನ ಉದಾಹರಣೆಗಳನ್ನು ಓದಿದಳು. ಆಮೇಲೆ ‘ವಿ ಸಜೆಸ್ಟ್ ಕ್ಯಾರಿಯಿಂಗ್ ಸಾಲ್ಟ್’ ಎಂದು ತಿದ್ದಿ ಕಳುಹಿಸಿದಳು.