ಲೈನ್ ಎಂಡಿಂಗ್ ಟೂಲ್ ಅಪ್‌ಡೇಟ್: ಅರ್ಧ ಕನ್ನಡ, ಅರ್ಧ ಚೀನಿ ಆಗಿದ್ದ ಫೈಲ್

ಫೈಲಿನ ಸಾಲು ಮುಗಿಯೋ ಗುರುತುಗಳನ್ನ ಸರಿ ಮಾಡೋ ನನ್ನ ಟೂಲ್‌ಗೆ ಈಗ ಯುಟಿಎಫ್-16 (ಅಕ್ಷರಗಳನ್ನ ಎರಡೆರಡು ಬೈಟ್ ಜೋಡಿಯಾಗಿ ಬರೆಯೋ ರೀತಿ; ಬೈಟ್ ಅಂದ್ರೆ 0ಯಿಂದ 255ರವರೆಗಿನ ಒಂದು ಸಂಖ್ಯೆ) ಸಪೋರ್ಟ್ ಬಂತು. ಅಕ್ಷರಕ್ಕೆ ಒಂದರಿಂದ ನಾಲ್ಕು ಬೈಟ್ ಬಳಸೋ ಯುಟಿಎಫ್-8 ಭಾಗ ಮೊದ್ಲೇ ಕೆಲಸ ಮಾಡ್ತಿತ್ತು, ವಿಂಡೋಸ್ ಸಾಲಿನ ಕೊನೆಗೆ 13, 10 ಅಂತ ಎರಡು ಬೈಟ್ ಹಾಕತ್ತೆ, ಲಿನಕ್ಸು, ಈಗಿನ ಮ್ಯಾಕು ಬರೀ 10 ಹಾಕ್ತವೆ, ಕನ್ನಡ ಅಕ್ಷರದ ಮೂರು ಬೈಟೂ 128 ಇಲ್ಲಾ ಅದಕ್ಕಿಂತ ಜಾಸ್ತಿ ಇರೋದ್ರಿಂದ ಗೊಂದಲಾನೇ ಇಲ್ಲ.

ತಲೆ ತಿಂದಿದ್ದು ಗೆಳೆಯರೊಬ್ರು ಕಳಿಸಿದ ಹಳೇ ಪದಪಟ್ಟಿ. ಮೊದಲನೇ ಸಾಲು ಚೆನ್ನಾಗಿದೆ, ಎರಡನೇದು ಅದಕ್ಕೇ ಅಂಟ್ಕೊಂಡು ಚೀನಿ, ಕೊರಿಯನ್ ಅಕ್ಷರ ಆಗಿದೆ, ಮೂರನೇದು ಮತ್ತೆ ಅಚ್ಚ ಕನ್ನಡ, ನಾಲ್ಕನೇದು ಮತ್ತೆ ಹಾಳು! ಹೆಕ್ಸ್ ಎಡಿಟರಲ್ಲಿ (ಫೈಲಿನ ಬೈಟ್‌ಗಳನ್ನೇ ತೋರಿಸೋ ಪ್ರೋಗ್ರಾಮು) ನೋಡಿದ್ಮೇಲೆ ಗೊತ್ತಾಯ್ತು. ಯುಟಿಎಫ್-16 ಲಿಟಲ್ ಎಂಡಿಯನ್‌ನಲ್ಲಿ (ಜೋಡಿಯ ಚಿಕ್ಕ ಬೆಲೆಯ ಬೈಟ್ ಮೊದಲು ಬರೋ ಕ್ರಮ) 'ಕ' ಅಂದ್ರೆ 149, 12. ಹೊಸ ಸಾಲು ಅಂದ್ರೆ 10, 0. ಯಾವ್ದೋ ಪ್ರೋಗ್ರಾಮು ವಿಂಡೋಸಲ್ಲಿ ಈ ಫೈಲನ್ನ ಬೈಟನ್ನ ಇದ್ದ ಹಾಗೇ ಬರೆಯೋ ಬೈನರಿ ಮೋಡ್ ಬಿಟ್ಟು, 10ನ್ನ 13, 10 ಮಾಡಿ ಬರೆಯೋ ಟೆಕ್ಸ್ಟ್ ಮೋಡಲ್ಲಿ ಬರೆದಿದೆ, ಹಾಗಾಗಿ ಪ್ರತಿ 10 ಬರೋಕ್ ಮುಂಚೆ ಒಂದು 13 ತೂರ್ಕೊಂಡಿದೆ. ಅಲ್ಲಿಂದ ಜೋಡಿಗಳೆಲ್ಲ ಒಂದೊಂದು ಬೈಟ್ ಸರಿದು, 12ರ ಜೊತೆ ಇರ್ಬೇಕಿದ್ದ 149 ಹಿಂದಿನ ಬೈಟ್ ಜೊತೆ ಸೇರತ್ತೆ, ಅದೇ ಚೀನಿ ಅಕ್ಷರ. ಆ ಸಾಲಿನ ಕೊನೇಲಿ ಇನ್ನೊಂದು 13 ಬಂದು ಲೆಕ್ಕ ಮತ್ತೆ ಸಮ. ಅಂದ್ರೆ ಒಂದಕ್ಷರಾನೂ ಕಳೆದಿಲ್ಲ, ಅದೇ ದೊಡ್ಡ ಖುಷಿ.

ಹಾಗಂತ 13, 10, 0 ಕಂಡಲ್ಲೆಲ್ಲ 13 ಕಿತ್ತು ಹಾಕೋ ಹಾಗಿಲ್ಲ. ಪಟ್ಟೀಲಿ ಪಕ್ಕಪಕ್ಕ ಮಲಯಾಳಂ ಪದಗಳೂ ಇವೆ, ಮಲಯಾಳಂ ಅಕ್ಷರದ ಎರಡನೇ ಬೈಟೇ 13 (ಕನ್ನಡದ್ದು 12), ಸೋ ಮಲಯಾಳಂನಲ್ಲಿ ಮುಗಿಯೋ ಸಾಲು ಸರಿಯಾಗಿದ್ರೂ ಕೆಟ್ಟಿರೋ ಥರಾನೇ ಕಾಣತ್ತೆ. ಈಗ ಟೂಲ್ ಮೊದಲಿಂದ ಜೋಡಿ ಜೋಡಿಯಾಗೇ ಓದತ್ತೆ. ಜೋಡಿಯ ಮೊದಲನೇ ಬೈಟ್ 13, ಎರಡನೇದು 10 ಆಗಿದ್ರೆ ಮಾತ್ರ 13 ತೆಗೆದು, ಅಲ್ಲಿಂದ ಜೋಡಿ ಹೊಸದಾಗಿ ಎಣಿಸತ್ತೆ. ಯುನಿಕೋಡಲ್ಲಿ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪಟ್ಟಿ) 13, 10 ಜೋಡಿ ಪಂಜಾಬಿಯ ಗುರುಮುಖಿ ಲಿಪಿಯ ಭಾಗದಲ್ಲಿ ಖಾಲಿ ಬಿಟ್ಟಿರೋ ಜಾಗ, ಅಲ್ಲಿ ಅಕ್ಷರಾನೇ ಇಲ್ಲ, ಹಾಗಾಗಿ ಧೈರ್ಯವಾಗಿ ತೆಗೀಬಹುದು. ಮಲಯಾಳಂ 'ಊ' 10, 13 ಆಗಿರೋದ್ರಿಂದ ಅದರ ಮುಂಚೇನೂ 13 ಸೇರಿತ್ತು, ಅದೂ ಇದೇ ನಿಯಮದಲ್ಲಿ ಸರಿಹೋಯ್ತು. ಪಟ್ಟಿ ಪೂರ್ತಿ ವಾಪಸ್ ಬಂದಿದೆ.

ಸರಿ ಮಾಡಿದ ಫೈಲನ್ನ ಯುಟಿಎಫ್-8ಗೆ ಬದಲಾಯಿಸೇ ಗಿಟ್‌ಗೆ (ಫೈಲುಗಳ ಬದಲಾವಣೆಯ ದಾಖಲೆ ಇಡೋ ಪ್ರೋಗ್ರಾಮು) ಹಾಕ್ತೀನಿ. ಯುಟಿಎಫ್-16ನಲ್ಲಿ ಸೊನ್ನೆ ಬೈಟ್ ಇರೋದ್ರಿಂದ ಗಿಟ್ ಅದನ್ನ ಬೈನರಿ (ಪಠ್ಯ ಅಲ್ಲದ ಫೈಲು) ಅಂತಾನೇ ತಿಳ್ಕೊಳತ್ತೆ, ಡಿಫ್, ಅಂದ್ರೆ ಯಾವ ಸಾಲು ಬದಲಾಯ್ತು ಅನ್ನೋದನ್ನ ತೋರಿಸಲ್ಲ. ಪದಗಳ ಉಚ್ಚಾರಣೆಯ ಆಡಿಯೋ ಫೈಲ್‌ಗಳಲ್ಲಿರೋ 13, 10ನ್ನ ಗಿಟ್ ಸಾಲಿನ ಕೊನೆ ಅಂದ್ಕೊಂಡು ಬದಲಾಯಿಸದ ಹಾಗೆ, ಅವನ್ನ ಗಿಟ್‌ಆಟ್ರಿಬ್ಯೂಟ್ಸಲ್ಲಿ (ಯಾವ ಫೈಲನ್ನ ಹೇಗೆ ನೋಡ್ಬೇಕು ಅಂತ ಗಿಟ್‌ಗೆ ಹೇಳೋ ಫೈಲು) ಬೈನರಿ ಅಂತ ಬರೆದಾಯ್ತು. ಮುಂದಿನದು ಬಿಗ್ ಎಂಡಿಯನ್, ಅಲ್ಲಿ ಜೋಡಿ ತಿರುಗಾಮುರುಗಾ, ನಿಯಮ ಬೇರೇನೇ ಬರೀಬೇಕು.